ನಂಗೆ ಎಂತ ಗೊತ್ತಿಲ್ಲ?

ಭಾನುವಾರದಿಂದ ಈ ಒಂದು ಮಾತು ತಲೆಯಿಂದ ಇಳಿಯುತ್ತಲೇ ಇಲ್ಲ. ಕುಕ್ಕರ್ ಇಡುವಾಗ, ಉಡುಪಿ ಬಸ್ಸಿಗೆ ಕಾಯುವಾಗ, ಆಫೀಸಿನಲ್ಲಿ ಯಾರದೋ ಫೈಲು ಹುಡುಕುವಾಗ. "ನಂಗೆ ಎಂತ ಗೊತ್ತಿಲ್ಲ?" ಕಾರಿನ ಹಿಂದಿನ ಸೀಟಿನಿಂದ ಅಮ್ಮ ಕೇಳಿದ್ದು. ಸಿಟ್ಟಿನಲ್ಲಿ ಕೇಳಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಆಕೆ ನಿಜವಾಗಿ ತಿಳಿದುಕೊಳ್ಳಲಿಕ್ಕೇ ಕೇಳಿದ ಹಾಗಿತ್ತು.

ಹೊಸ ಇಗರ್ಜಿ ನೋಡಲು ಕರೆದದ್ದು ಪಕ್ಕದ ಮನೆಯ ಬಾಯಮ್ಮನ ಸೊಸೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಅನ್ನುವುದು. ಆ ಬಾಯಮ್ಮ ಈಗ ಇಲ್ಲ. ಉದ್ಘಾಟನೆಯ ದಿನ ನುಗ್ಗಾಟ, ಮುಂದಿನ ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಬನ್ನಿ, ಆರಾಮದಲ್ಲಿ ನೋಡಬಹುದು ಅಂದಿದ್ದಳು. ಅಮ್ಮ, ನಾನು, ನಮ್ಮವರು, ಮಗಳು ಹೊರಟೆವು. ಹಳೆಯ ಇಗರ್ಜಿಯ ಜಾಗದಲ್ಲೇ ಕಟ್ಟಿದ್ದು. ಅದರ ಎದುರಿನ ದಾರಿಯಲ್ಲಿ ಅಮ್ಮ 40 ವರ್ಷ ನಡೆದಿದ್ದಾಳೆ, ಒಳಗೆ ಮಾತ್ರ ಹೋದವಳಲ್ಲ. ಹಾಗಂತ ಇಗರ್ಜಿಯೇ ಗೊತ್ತಿಲ್ಲದವಳೂ ಅಲ್ಲ. ನನಗೆ ಟೈಫಾಯ್ಡ್ ಬಂದ ವರ್ಷ ಕಾರ್ಕಳದ ಅತ್ತೂರು ಇಗರ್ಜಿಗೆ ಹರಕೆ ಹೇಳಿ, ಜನವರಿಯ ಜಾತ್ರೆಗೆ ಹೋಗಿ ಮೊಂಬತ್ತಿ ಹಚ್ಚಿ ಬಂದಿದ್ದಳು. ಅತ್ತೂರು 2016ರಲ್ಲಿ ಬಸಿಲಿಕ, ಅಂದರೆ ಪೋಪರು ವಿಶೇಷ ಮಾನ ಕೊಟ್ಟ ಇಗರ್ಜಿ, ಆಯಿತು ಎಂದು ಪೇಪರಿನಲ್ಲಿ ಓದಿ ಹೇಳಿದಾಗ, "ಆಗಲಿಕ್ಕೇ ಬೇಕು" ಅಂದಿದ್ದಳು, ಶಿಫಾರಸು ತನ್ನದೇ ಎಂಬಂತೆ.

ಹಳೆಯದು ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚು ಸುಡಲು ಶುರುಮಾಡಿದ ಮೇಲೆ ನಮ್ಮ ಕಡೆ ಇಗರ್ಜಿಗೂ ಶಾಲೆಗೂ ದೇವಸ್ಥಾನದ ಸುತ್ತುಪೌಳಿಗೂ ಒಂದೇ ಮಾಡು. ಮಳೆ ಬಂದರೆ ಎಲ್ಲ ಕಡೆಯೂ ಒಂದೇ ಸದ್ದು. ಈಗಿನದು ಕಾಂಕ್ರೀಟು. ನಡುವೆ ಒಂದು ಕಂಬವಿಲ್ಲ, ಸಾವಿರ ಜನ ಕೂತರೂ ಎಲ್ಲರಿಗೂ ಆಲ್ತಾರ್, ಅಂದರೆ ಪೂಜೆಯ ಪೀಠ, ಕಾಣಬೇಕು. ನಮ್ಮವರು ಮೆಟ್ಟಿಲು ಹತ್ತುವ ಮೊದಲೇ "ಎಷ್ಟು ಕೋಟಿ ಆಗಿರಬಹುದು?" ಅಂದರು. ಮದುವೆ ಹಾಲ್ ಇರಲಿ, ಬ್ರಹ್ಮಕಲಶ ಆದ ದೇವಸ್ಥಾನ ಇರಲಿ, ಅವರ ಮೊದಲ ಪ್ರಶ್ನೆ ಅದೇ. ಒಮ್ಮೆ ಸ್ಮಶಾನಕ್ಕೆ ಹೊಸ ಶೆಡ್ ಹಾಕಿದಾಗಲೂ ಕೇಳಿದ್ದರು.

ಅಮ್ಮನ ಕೈಯಲ್ಲಿ ಬಾಳೆ ಎಲೆಯ ಕಟ್ಟು. ಒಳಗೆ ಒಂದು ಚೆಂಡು ಮಲ್ಲಿಗೆ. ಚೆಂಡು ಅಂದರೆ 800 ಹೂ. ಅಂಥ 4 ಸೇರಿದರೆ ಅಟ್ಟೆ. ಮಲ್ಲಿಗೆಗೆ ಹೆಸರಾದ ಶಂಕರಪುರದ ದರ ಅಟ್ಟೆಯ ಲೆಕ್ಕದಲ್ಲೇ ಬರುವುದು. ಚಳಿಗೆ ಗಿಡದಲ್ಲಿ ಹೂ ಕಮ್ಮಿ, ಪೇಟೆಯಲ್ಲಿ ದರ ಮೇಲೆ. ನಮ್ಮ ಗಿಡಗಳಲ್ಲಿ ಆ ದಿನ ಒಂದು ಚೆಂಡು ಆದದ್ದೇ ಹೆಚ್ಚು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಮಾರಲಿಕ್ಕೆ ಕಳಿಸದೆ ಹಿಡಿದುಕೊಂಡು ಬಂದಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ.

ಬಾಗಿಲಲ್ಲಿ ಬ್ಯಾಡ್ಜ್ ಹಾಕಿದ ಹುಡುಗನೊಬ್ಬ. ಅಮ್ಮ ಚಪ್ಪಲಿ ಮೆಟ್ಟಿಲ ಬದಿಗೆ ಬಿಟ್ಟು, ಕಟ್ಟು ಬಿಚ್ಚಿ, "ಇದನ್ನು ಯಾರ ಕೈಲಿ ಕೊಡುವುದು ಮಗಾ?" ಅಂದಳು.

"ಹೂ ಒಳಗೆ ಬೇಡ ಅಜ್ಜಿ. ಹೊಸ ಗ್ರಾನೈಟ್, ಕಲೆ ಆಗ್ತದೆ."

"ಮಲ್ಲಿಗೆ ಎಲ್ಲಿಯಾದ್ರೂ ಕಲೆ ಆಗ್ತದಾ?"

ಆಗ ನಾನು ನಡುವೆ ಬಾಯಿ ಹಾಕಿದೆ. "ಸಾರಿ, ಅಮ್ಮನಿಗೆ ಗೊತ್ತಿಲ್ಲ."

ಹುಡುಗನ ತಪ್ಪೇನೂ ಇಲ್ಲ. ಅವನಿಗೆ ಯಾರೋ ಹೇಳಿಕೊಟ್ಟದ್ದನ್ನು ಅವನು ಒಪ್ಪಿಸಿದ. ಮುಖದಲ್ಲಿ ಮರ್ಯಾದೆಯೂ ಇತ್ತು. ಸಾರಿ ಅಂದದ್ದು ನಾನು. ಅಮ್ಮನ ಸೆರಗಿನ ಪಿನ್ನು, ಅವಳ ಬರಿಗಾಲು, ಸುತ್ತ ಬೂಟು ಹಾಕಿಕೊಂಡು ಒಳಹೊರಗೆ ಓಡಾಡುವ ಜನ, ಎಲ್ಲ ಒಟ್ಟಿಗೆ ಕಂಡು ನನಗೆ ಒಂದು ನಮೂನೆ ನಾಚಿಕೆ ಬಂತು. ಎಂಟನೇ ಕ್ಲಾಸಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಅಮ್ಮ ಹವಾಯಿ ಚಪ್ಪಲಿಯಲ್ಲಿ ಬಂದಾಗ ಆದದ್ದೇ ಇದು. ಈಗ ನನಗೆ 44.

ಒಳಗೆ ಮಗಳು ಮಾಡು ನೋಡುತ್ತಾ ತಿರುಗಿದಳು. ನಾನು ಅವಳ ಪ್ರಾಯದಲ್ಲಿ ಶಾಲೆಯ ಪ್ರವಾಸದಲ್ಲಿ ಮಂಗಳೂರಿನ ಅಲೋಶಿಯಸ್ ಚಾಪೆಲ್ ನೋಡಿದ್ದೆ. ಇಟಲಿಯ ಮೊಸ್ಕೆನಿ ಬಂದು ಗೋಡೆ, ಮಾಡು ತುಂಬ ಬಿಡಿಸಿದ ಚಿತ್ರಗಳು ಎಂದು ಟೀಚರು ಹೇಳಿದ್ದರು. ನೆನಪಿರುವುದು ಕುತ್ತಿಗೆ ನೋವು ಮಾತ್ರ. ಇಲ್ಲಿ ಮೇಲೆ ಫಾಲ್ಸ್ ಸೀಲಿಂಗು, ದೊಡ್ಡ ದೊಡ್ಡ ಫ್ಯಾನು. ಚಂದ ಉಂಟು, ಆದರೆ ಸ್ವಲ್ಪ ಏರ್‌ಪೋರ್ಟಿನ ಹಾಗೆ. ಹೀಗೆ ಹೇಳಲು ನನಗೆ ಹಕ್ಕಿಲ್ಲ, ದುಡ್ಡು ಕೊಟ್ಟು ಕಟ್ಟಿಸಿದವರು ಅವರು. ಆದರೂ ಅನಿಸಿದ್ದು ಅನಿಸಿತು.

ಅಮ್ಮ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಕಟ್ಟು. ಹೊರಗೆ ಬಿಟ್ಟು ಬರಲು ಒಪ್ಪಿರಲಿಲ್ಲ, ಹುಡುಗನೂ ಮತ್ತೆ ತಡೆಯಲಿಲ್ಲ. ಅಷ್ಟರಲ್ಲಿ ಆಲ್ತಾರ್ ಕಡೆಯಿಂದ ಹೂದಾನಿ ಎತ್ತಿಕೊಂಡು ಒಬ್ಬ ಬಾಯಮ್ಮ ಬಂದರು, ಅಮ್ಮನದೇ ಪ್ರಾಯ. ಬಾಳೆ ಎಲೆ ನೋಡಿದ್ದೇ ನಿಂತರು. ಕೈಚಾಚಿ ಚೆಂಡನ್ನು ತೆಗೆದುಕೊಂಡು, ಅಂಗೈಯಲ್ಲಿ ಒಮ್ಮೆ ತೂಗಿದ ಹಾಗೆ ಮಾಡಿ, ಕೇಳಿದರು: "ಇವತ್ತು ಅಟ್ಟೆಗೆ ಎಷ್ಟಾಯ್ತು?"

ಅಮ್ಮ ದರ ಹೇಳಿದಳು. ಅವರ ಮನೆಯಲ್ಲೂ ಗಿಡ ಉಂಟಂತೆ, ಈ ವರ್ಷ ಎಲೆಗೆ ರೋಗ ಬಂದು ಅರ್ಧ ಹೋಯಿತಂತೆ. ಹಿಂಡಿ ಹಾಕಿದಿರಾ, ಗೆಲ್ಲು ಕಡಿದದ್ದು ಯಾವಾಗ, ಹತ್ತು ನಿಮಿಷ ಅದೇ ಮಾತು. ಆಮೇಲೆ ಆ ಬಾಯಮ್ಮ ಏನೂ ಕೇಳದೆ ಹೂ ತೆಗೆದುಕೊಂಡು ಹೋಗಿ ಎಡಬದಿಯ ಮೇರಿಯಮ್ಮನ ಪಾದದ ಹತ್ತಿರ ಇಟ್ಟರು. ಅಮ್ಮ ಕತ್ತು ಉದ್ದ ಮಾಡಿ, ಎಲ್ಲಿ ಇಟ್ಟರು ಎಂದು ನೋಡಿಯೇ ಎದ್ದದ್ದು. ಹೊರಗೆ ಅಷ್ಟು ಅಗಲದ ಮೆಟ್ಟಿಲ ಮೇಲೆ ಅವಳ ಜೋಡಿ ಚಪ್ಪಲಿ ಒಂದೇ ಇತ್ತು.

ಕಾರಿನಲ್ಲಿ ಬಂತು ಪ್ರಶ್ನೆ. "ನೀನು ಆ ಹುಡುಗನಿಗೆ ಅಮ್ಮನಿಗೆ ಗೊತ್ತಿಲ್ಲ ಅಂದಿಯಲ್ಲ. ನಂಗೆ ಎಂತ ಗೊತ್ತಿಲ್ಲ?"

ನಮ್ಮವರು ಎಫ್‌ಎಂ ಹಾಕಿದರು. ಅವರಿಗೆ ಇಂಥದ್ದು ಬೇಗ ಗೊತ್ತಾಗುತ್ತದೆ.

ಮನೆಗೆ ಬಂದ ಮೇಲೆ ಒಂದೊಂದೇ ನೆನಪಾಯಿತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿಯಮ್ಮನ ಹುಟ್ಟಿನ ಹಬ್ಬಕ್ಕೆ, ಮೊದಲು ಒಂಬತ್ತು ದಿನ ಬಾಯಮ್ಮನ ಮಕ್ಕಳು ಹರಿವಾಣದಲ್ಲಿ ಹೂ ಹಿಡಿದು ಇಗರ್ಜಿಗೆ ಹೋಗುತ್ತಿದ್ದರು. ಮಳೆಗಾಲದ ಕೊನೆ, ಹೂವಿಗೆ ಪರದಾಟ. ದಾಸವಾಳ, ಗೊರಟೆ, ರತ್ನಗಂಧಿ, ಸಿಕ್ಕಿದ್ದನ್ನೆಲ್ಲ ನಮ್ಮ ಹಿತ್ತಲಿನಿಂದ ಕೊಯ್ದು ಕೊಡುತ್ತಿದ್ದವಳು ಅಮ್ಮ. ಹಬ್ಬದ ದಿನ ಬಾಯಮ್ಮ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಹೊಸ ಭತ್ತದ ತೆನೆಯಲ್ಲಿ ಒಂದನ್ನು ನಮ್ಮ ಮನೆಗೂ ತರುತ್ತಿದ್ದರು. ನಾವು ಹೊಸತು ಉಣ್ಣುವ ದಿನ ನಮ್ಮ ಕದಿರಿನ ಜೊತೆ ಅದನ್ನೂ ಅಮ್ಮ ಬಾಗಿಲಿಗೆ ಕಟ್ಟುತ್ತಿದ್ದಳು. ಮೊಂತಿಯ ದಿನ ಅವರಲ್ಲಿ ಮೀನೂ ಇಲ್ಲ, ಸಸ್ಯಾಹಾರದ ಊಟ. ನಮಗೂ ಒಂದು ಪಾತ್ರೆ ಪಾಯಸ ಬೇಲಿಯ ಮೇಲಿಂದ ಬರುತ್ತಿತ್ತು. ಆ ಇಗರ್ಜಿಯ ಒಳಗೆ ಅಮ್ಮನ ಹೂ ಎಷ್ಟು ಸಲ ಹೋಗಿದೆ ಎಂದು ಲೆಕ್ಕ ಹಾಕಲು ಕೂತರೆ ಚೆಂಡು, ಅಟ್ಟೆ ಯಾವುದೂ ಸಾಲದು. ಆ ಪಾಯಸ ಉಂಡು ಬೆಳೆದವಳು ನಾನು. ಬಾಗಿಲಲ್ಲಿ ನಿಂತಾಗ ಇದು ಒಂದೂ ನೆನಪಿಗೆ ಬರಲಿಲ್ಲ.

ಉತ್ತರ ಇನ್ನೂ ಕೊಟ್ಟಿಲ್ಲ. ಗುರುವಾರ ರಾತ್ರಿ ಅಮ್ಮನ ಪಕ್ಕ ಕೂತು, "ಅವತ್ತು ನಾನು ಹಾಗೆ ಹೇಳಬಾರದಿತ್ತು" ಅಂದೆ. "ಯಾವುದು?" ಅಂದಳು. ಮರೆತಿರಲಿಲ್ಲ, ಮರೆತ ಹಾಗೆ ಮಾಡಿದ್ದು. ನನಗೆ ಗೊತ್ತು.

ನಿನ್ನೆ ಬಾಯಮ್ಮನ ಸೊಸೆಯ ಫೋನು. ಇಗರ್ಜಿಯ ಆ ಹಿರಿಯ ಬಾಯಮ್ಮನೇ ಕೇಳಿಸಿದ್ದಂತೆ, ನಾಳೆಯ ಪೂಜೆಗೆ ಎರಡು ಚೆಂಡು ಮಲ್ಲಿಗೆ ಸಿಗಬಹುದಾ ಎಂದು. ಒಂದು ನಮ್ಮಲ್ಲಿ ಆಗುತ್ತದೆ, ಇನ್ನೊಂದು ಆಚೆ ಮನೆಯಿಂದ ಕೇಳಿ ಕೊಡುತ್ತೇನೆ ಅಂದಳು ಅಮ್ಮ. ದರ ಎಷ್ಟು ಎಂದು ಆಚೆಯಿಂದ ಕೇಳಿರಬೇಕು. ಅಮ್ಮ ಶಂಕರಪುರದ ಅವತ್ತಿನ ದರವನ್ನೇ ಹೇಳಿದಳು. ಒಂದು ರೂಪಾಯಿ ಬಿಡಲಿಲ್ಲ.