ಬ್ರೇಕರ್ ಪದೇ ಪದೇ ಬೀಳುತ್ತಿದೆ, ದೊಡ್ಡದು ಹಾಕಬಹುದೇ?

ಹಾಕಬಾರದು. ಅವಸರದಲ್ಲಿರುವವರಿಗೆ ಇಷ್ಟು ಉತ್ತರ ಸಾಕು. ಆದರೆ ಈ ಪ್ರಶ್ನೆಯನ್ನು ಫೋನಿನಲ್ಲಿ, ಲಿಫ್ಟಿನಲ್ಲಿ, ಒಮ್ಮೆಯಂತೂ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತಿದ್ದಾಗ ಆ ವೈದ್ಯರಿಂದಲೇ ಕೇಳಿಸಿಕೊಂಡಿರುವ ನನಗೆ, 'ಹಾಕಬಾರದು' ಎಂದ ಮೇಲೆ ಯಾರೂ ಅಷ್ಟಕ್ಕೆ ಬಿಡುವುದಿಲ್ಲ ಎಂಬುದು ಚೆನ್ನಾಗಿ ಗೊತ್ತು. 'ಇಲ್ಲ ಸಾರ್, ಅದು ಸುಮ್ಮಸುಮ್ಮನೆ ಬೀಳುತ್ತದೆ' ಎಂಬ ಮಾತು ಹಿಂದೆಯೇ ಬರುತ್ತದೆ. ನನಗೆ ಸಿಟ್ಟು ಬರುವುದು ಪ್ರಶ್ನೆಯ ಮೇಲಲ್ಲ, ಆ 'ಸುಮ್ಮಸುಮ್ಮನೆ' ಎಂಬ ಪದದ ಮೇಲೆ. ಕಾರಣ ನನಗೆ ಕಾಣುತ್ತಿಲ್ಲ ಎನ್ನುವುದಕ್ಕೂ ಕಾರಣವೇ ಇಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ಆ ಒಂದು ಪದ ಅಳಿಸಿಹಾಕುತ್ತದೆ.

ಮೊದಲಿಗೆ, ಬೀಳುತ್ತಿರುವುದು ಯಾವುದು? ಪೆಟ್ಟಿಗೆಯಲ್ಲಿರುವ ಎಲ್ಲವನ್ನೂ ಬ್ರೇಕರ್ ಎಂದೇ ಕರೆಯುವ ರೂಢಿಯಿದೆ. ಒಂದು ತಂತಿಯಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ಅಷ್ಟೇ ಮರಳಿ ಬಂದಿದೆಯೇ ಎಂದು ತಾಳೆ ನೋಡಿ, ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನಷ್ಟು ಸೋರಿಕೆಯಾದರೆ ಬೀಳುವ ಸಾಧನವೇ ಬೇರೆ. ಅದು ಇರುವುದು ಮನುಷ್ಯರಿಗಾಗಿ. ಅದು ಬೀಳುತ್ತಿದ್ದರೆ ಎಷ್ಟು ಆಂಪಿಯರ್‌ನ ಎಂಸಿಬಿ (ಕರೆಂಟು ಮಿತಿ ಮೀರಿದಾಗ ಬೀಳುವ ಸಣ್ಣ ಬ್ರೇಕರ್) ತಂದು ಹಾಕಿದರೂ ಪ್ರಯೋಜನವಿಲ್ಲ. ನಾನು ಇಲ್ಲಿ ಹೇಳುತ್ತಿರುವುದು ಎಂಸಿಬಿಯ ವಿಷಯ. ಅದು ಇರುವುದು ಫ್ರಿಜ್ಜಿಗಾಗಿಯೂ ಅಲ್ಲ, ಮೋಟಾರಿಗಾಗಿಯೂ ಅಲ್ಲ, ಗೋಡೆಯೊಳಗಿನ ತಂತಿಗಾಗಿ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹೀಗಾಗಿ 16 ಆಂಪಿಯರ್‌ನ ಬ್ರೇಕರ್ ತೆಗೆದು 32ರದ್ದನ್ನು ಹಾಕಿದವರು ತಂತಿಗೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಕಾಯಲು ಪರವಾನಗಿ ಕೊಟ್ಟಂತಾಗುತ್ತದೆ. ತಂತಿಯ ಮೇಲಿನ ಸಾಮಾನ್ಯ ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ ಸೆಲ್ಸಿಯಸ್. ಬ್ರೇಕರ್ ಬದಲಾಯಿತೆಂದು ಆ ಮಿತಿ ಬದಲಾಗುವುದಿಲ್ಲ.

ಬ್ರೇಕರ್ ಮುಂಗೋಪಿ ಎಂಬ ಆರೋಪವೂ ನಿಜವಲ್ಲ. ವಾಸ್ತವದಲ್ಲಿ ಅದಕ್ಕಿರುವಷ್ಟು ತಾಳ್ಮೆ ನನಗಿಲ್ಲ. 16 ಎಂದು ಬರೆದಿರುವ ಬ್ರೇಕರ್ 17 ಆಂಪಿಯರ್‌ಗೆ ಬೀಳಬೇಕೆಂದು ಜನ ಎಣಿಸುತ್ತಾರೆ. ಮಾನದಂಡ ಹೇಳುವುದು ಬೇರೆಯೇ: ನಮೂದಿಸಿದ ಮೌಲ್ಯದ 1.13 ಪಟ್ಟು, ಅಂದರೆ ಸುಮಾರು 18 ಆಂಪಿಯರ್ ಒಂದು ಗಂಟೆ ಹರಿದರೂ ಅದು ಬೀಳಕೂಡದು, 1.45 ಪಟ್ಟು, ಅಂದರೆ ಸುಮಾರು 23 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಈ ತಾಳ್ಮೆ ಬರುವುದು ಒಳಗಿರುವ ಎರಡು ಲೋಹಗಳ ಪಟ್ಟಿಯಿಂದ. ಬೆಸೆದುಕೊಂಡಿರುವ ಆ ಎರಡು ಲೋಹಗಳು ಕಾದಾಗ ಒಂದು ಹೆಚ್ಚು, ಇನ್ನೊಂದು ಕಡಿಮೆ ಹಿಗ್ಗುವುದರಿಂದ ಪಟ್ಟಿ ನಿಧಾನವಾಗಿ ಬಾಗುತ್ತದೆ, ಸಾಕಷ್ಟು ಬಾಗಿದಾಗ ಕೊಂಡಿಯನ್ನು ತಳ್ಳಿ ಸ್ಪ್ರಿಂಗನ್ನು ಬಿಡಿಸುತ್ತದೆ. ಅದರ ಜೊತೆಗೆ ತಂತಿ ಸುತ್ತಿದ ಒಂದು ಸುರುಳಿಯೂ ಇರುತ್ತದೆ, ಅದಕ್ಕೆ ಮಾತ್ರ ತಾಳ್ಮೆಯೇ ಇಲ್ಲ. ಶಾರ್ಟ್ ಆಗಿ ಕರೆಂಟು ಒಮ್ಮೆಲೇ ನುಗ್ಗಿದಾಗ ಅದು ಆಯಸ್ಕಾಂತವಾಗಿ, ಕೆಲವೇ ಮಿಲಿಸೆಕೆಂಡುಗಳಲ್ಲಿ ಸಂಪರ್ಕವನ್ನು ಕಿತ್ತುಬಿಡುತ್ತದೆ. ಬಿ ಮಾದರಿಯಲ್ಲಿ ಇದು ನಮೂದಿಸಿದ ಮೌಲ್ಯದ 3ರಿಂದ 5 ಪಟ್ಟಿನಲ್ಲಿ, ಸಿ ಮಾದರಿಯಲ್ಲಿ 5ರಿಂದ 10 ಪಟ್ಟಿನಲ್ಲಿ, ಡಿ ಮಾದರಿಯಲ್ಲಿ 10ರಿಂದ 20 ಪಟ್ಟಿನಲ್ಲಿ ನಡೆಯುತ್ತದೆ. ಮೋಟಾರುಗಳು ಹೊರಡುವಾಗ ಐದಾರು ಪಟ್ಟು ಕರೆಂಟು ಎಳೆಯುವುದು ಸಹಜವಾದ್ದರಿಂದ, ಬಿ ಮಾದರಿಯ ಬ್ರೇಕರಿನ ಮೇಲೆ ಮೋಟಾರು ಕೂರಿಸಿದವರ ದೂರಿಗೆ ಉತ್ತರ ಹೆಚ್ಚು ಆಂಪಿಯರ್ ಅಲ್ಲ, ಬೇರೆ ಅಕ್ಷರ. ಬ್ರೇಕರಿನ ಮೇಲೆ ಅಂಕಿಯ ಪಕ್ಕದಲ್ಲೇ ಅಚ್ಚಾಗಿರುವ ಆ ಅಕ್ಷರವನ್ನು ಓದಿ ಹೇಳಿದ ಒಬ್ಬ ಪ್ರಶ್ನಕರ್ತರನ್ನೂ ನಾನು ಇಂದಿನವರೆಗೆ ಕಂಡಿಲ್ಲ.

ಆದ್ದರಿಂದ ಬ್ರೇಕರ್ ಬಿದ್ದಾಗ ನೋಡಬೇಕಾದದ್ದು ಗಡಿಯಾರ. ಮೇಲೆತ್ತಿದ ಕೂಡಲೇ ಬಿದ್ದರೆ ಬೀಳಿಸಿದ್ದು ಸುರುಳಿ, ನಲವತ್ತು ನಿಮಿಷದ ನಂತರ ಬಿದ್ದರೆ ಪಟ್ಟಿ. ಈ ನಲವತ್ತು ನಿಮಿಷ ನಾನು ಸುಮ್ಮನೆ ಆರಿಸಿಕೊಂಡ ಅಂಕಿಯಲ್ಲ.

ಒಂದು ಕಾರ್ಖಾನೆಯ ಕಂಪ್ರೆಸರ್ ಪ್ರತಿದಿನ ಸುಮಾರು ನಲವತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ನಾನು ಹೋಗಿ ನೋಡಿದಾಗ ಪ್ಯಾನೆಲ್ಲಿನೊಳಗೆ 63 ಆಂಪಿಯರ್‌ನ ಬ್ರೇಕರಿನ ಹಿಡಿಕೆ ಕೆಳಗೆ ಬೀಳದಂತೆ ಮರದ ಬೆಣೆಯೊಂದನ್ನು ನೀಟಾಗಿ ಸಿಕ್ಕಿಸಲಾಗಿತ್ತು. ಅದನ್ನು ಸಿಕ್ಕಿಸಿದ್ದ ಫೋರ್‌ಮನ್, 'ನೋಡಿ ಸಾರ್, ಹಿಡಿಕೆ ಮೇಲೇ ಇದೆ, ಆದರೂ ಕರೆಂಟಿಲ್ಲ; ಬ್ರೇಕರ್ ಪೂರ್ತಿ ಕೆಟ್ಟಿದೆ' ಎಂದು ವಿವರಿಸಿದರು. ಹಿಡಿಕೆಯನ್ನು ಯಾರೇ ಹಿಡಿದುಕೊಂಡರೂ ಒಳಗಿನ ಕೊಂಡಿ ತನ್ನ ಪಾಡಿಗೆ ತಾನು ಬಿಡಿಸಿಕೊಳ್ಳುವಂತೆ ಬ್ರೇಕರನ್ನು ರೂಪಿಸಿರುವುದೇ ಇಂಥ ಬೆಣೆಗಳನ್ನು ಮುಂದಾಗಿ ಊಹಿಸಿ ಎಂದು ಅವರಿಗೆ ಹೇಳಿದೆ. ಬೆಣೆಯನ್ನು ಇಷ್ಟು ವರ್ಷಗಳ ಮುಂಚೆಯೇ ಯಾರೋ ಊಹಿಸಿದ್ದರೆಂಬುದು ಅವರಿಗೆ ಸ್ವಲ್ಪ ನೋವುಂಟುಮಾಡಿತು.

ಇಲ್ಲಿಯವರೆಗೆ ನನ್ನ ಗೆಲುವಿನ ಕಥೆ. ಮುಂದಿನದನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ತಂತಿಯನ್ನು ಇಕ್ಕಳದಂತೆ ಸುತ್ತುವರಿದು ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಾಕಿ ನೋಡಿದರೆ ಹರಿಯುತ್ತಿದ್ದದ್ದು 52 ಆಂಪಿಯರ್ ಮಾತ್ರ. ಬ್ರೇಕರ್ ಹೊತ್ತುಕೊಳ್ಳಬೇಕಾದದ್ದಕ್ಕಿಂತ ಅದು ಕಡಿಮೆ. ನಾನು ಏನು ಮಾಡಿದೆನೆಂದರೆ, ಫೋರ್‌ಮನ್ ಮಾತನ್ನೇ ಸದ್ದಿಲ್ಲದೆ ಒಪ್ಪಿಕೊಂಡು ಅದೇ ಆಂಪಿಯರ್‌ನ ಹೊಸ ಬ್ರೇಕರ್ ಹಾಕಿ ಹಿಂದಿರುಗಿದೆ. ಎರಡು ದಿನಗಳ ನಂತರ ಹೊಸದೂ ಬಿತ್ತು. ಮತ್ತೆ ಹೋಗಿ, ಮುಖ್ಯ ಸ್ವಿಚ್ಚು ತೆಗೆಸಿ, ತಂತಿಯ ತುದಿಯನ್ನು ಬಿಚ್ಚಿ ನೋಡಿದಾಗ, ಅದಕ್ಕೆ ತೊಡಿಸಿದ್ದ ಲೋಹದ ಲಗ್ ಸರಿಯಾಗಿ ಕ್ರಿಂಪ್ ಆಗಿರಲಿಲ್ಲ, ಅಂದರೆ ತಂತಿಯನ್ನು ಬಿಗಿಯಾಗಿ ಅದುಮಿ ಹಿಡಿದಿರಲಿಲ್ಲ. ಅದರ ಬುಡದಲ್ಲಿ ತಂತಿಯ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಬೆರಳು ತಾಗಿದರೆ ಉದುರುವಂತಿತ್ತು. ಮೊದಲ ಸಲ ನಾನೇ ಅದೇ ಲಗ್ಗನ್ನು ಹೊಸ ಬ್ರೇಕರಿಗೆ ಬಿಗಿಯಾಗಿ ಕೂರಿಸಿದ್ದೆ. ಸಡಿಲವಾದ ಆ ಕೂಡುವಿಕೆಯ ಶಾಖ ತಾಮ್ರದ ಮೂಲಕ ಒಳಗಿನ ಪಟ್ಟಿಯವರೆಗೆ ಹರಿಯುತ್ತಿತ್ತು. ಶಾಖ ಹೆಚ್ಚಿನ ಕರೆಂಟಿನಿಂದ ಬಂತೋ ಕೆಟ್ಟ ಲಗ್ಗಿನಿಂದ ಬಂತೋ ಎಂದು ಪಟ್ಟಿಗೆ ತಿಳಿಯುವುದಿಲ್ಲ. ಅದು ಕಾಯಿತು, ಬಾಗಿತು, ಬಿತ್ತು. ಆ ದಿನ ಅವರು ಕೇಳಿದಂತೆ 100 ಆಂಪಿಯರ್‌ನದ್ದನ್ನು ಹಾಕಿದ್ದರೆ ಕಂಪ್ರೆಸರ್ ನಿಲ್ಲದೆ ಓಡುತ್ತಿತ್ತು, ಲಗ್ಗೂ ನಿಲ್ಲದೆ ಕಾಯುತ್ತಿತ್ತು.

ಆ ಲಗ್ಗು ಇದ್ದದ್ದು ಬ್ರೇಕರಿನ ಪಕ್ಕದಲ್ಲಿ. ಅದೇ ಲಗ್ಗು ತಂತಿಯ ಇನ್ನೊಂದು ತುದಿಯಲ್ಲಿ, ಮೋಟಾರಿನ ಬಳಿ ಇದ್ದಿದ್ದರೆ? ಕರೆಂಟು ಅದೇ 52 ಇರುತ್ತಿತ್ತು, ಶಾಖ ಬ್ರೇಕರಿನವರೆಗೆ ಬರುತ್ತಿರಲಿಲ್ಲ, ಬ್ರೇಕರ್ ಬೀಳುತ್ತಲೂ ಇರಲಿಲ್ಲ. ಜನ ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಬ್ರೇಕರಿಗೆ ಕಾಣಿಸದೇ ಇರುವುದು ಯಾವುದು? ಸುಮ್ಮಸುಮ್ಮನೆ ಬೀಳುವ ಬ್ರೇಕರಿನ ಬಗ್ಗೆ ನೂರು ಜನ ಕೇಳುತ್ತಾರೆ, ಸುಮ್ಮನೆ ಕುಳಿತಿರುವ ಬ್ರೇಕರಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ವಿಮಾನದವರು ಕೇಳಿಕೊಂಡಿದ್ದಾರೆ, ಅದೂ ದೊಡ್ಡ ಬೆಲೆ ತೆತ್ತ ಮೇಲೆ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟಿದ್ದ ಸ್ವಿಸ್‌ಏರ್ 111, ಮೇಲ್ಛಾವಣಿಯ ಬಳಿ ಹೊತ್ತಿದ ಬೆಂಕಿಯಿಂದಾಗಿ ಕೆನಡಾದ ನೋವಾ ಸ್ಕೋಷಿಯಾ ತೀರದ ಬಳಿ ಸಮುದ್ರಕ್ಕೆ ಬಿದ್ದು 229 ಜನ ತೀರಿಕೊಂಡರು. ಬೆಂಕಿ ಮೊದಲು ಹೊತ್ತಿರಬಹುದಾದ ಜಾಗದ ತಂತಿಯೊಂದರಲ್ಲಿ ಕಿಡಿ ಹಾರಿ ತಾಮ್ರ ಕರಗಿ ಮತ್ತೆ ಗಟ್ಟಿಯಾದ ಗುರುತು ಸಿಕ್ಕಿತು. ಆ ಕಾಲದ ವಿಮಾನಗಳಲ್ಲಿದ್ದ ಬ್ರೇಕರುಗಳು ತಂತಿಗಳಲ್ಲಿ ಹಾರುವ ಎಲ್ಲ ಬಗೆಯ ಕಿಡಿಗಳಿಂದಲೂ ರಕ್ಷಿಸಲಾರವು ಎಂದು ಕೆನಡಾದ ತನಿಖೆ ಸ್ಪಷ್ಟವಾಗಿ ಹೇಳಿತು. ಹೊದಿಕೆ ಹರಿದ ತಂತಿಯಿಂದ ಕಿಡಿ ಬಿಟ್ಟುಬಿಟ್ಟು ಹಾರುವಾಗ, ಒಂದೊಂದು ಕಿಡಿಯೂ ಪಟ್ಟಿಯನ್ನು ಕಾಯಿಸುವಷ್ಟು ಹೊತ್ತು ಇರುವುದಿಲ್ಲ, ಸುರುಳಿಯನ್ನು ಎಳೆಯುವಷ್ಟು ದೊಡ್ಡದೂ ಆಗಿರುವುದಿಲ್ಲ. ಕರೆಂಟಿನ ಪ್ರಮಾಣವನ್ನಷ್ಟೇ ಅಲ್ಲದೆ ಅದರ ಅಲೆಯ ಆಕಾರವನ್ನೂ ಗಮನಿಸಿ ಕಿಡಿಯನ್ನು ಗುರುತಿಸುವ ಬ್ರೇಕರುಗಳು ಈಗ ಇವೆ.

ಬಿದ್ದ ಬ್ರೇಕರನ್ನು ನಡೆಸಿಕೊಳ್ಳುವ ರೀತಿಯೂ ವಿಮಾನಗಳಲ್ಲಿ ಬೇರೆ. ಅಲ್ಲಿನ ಗುಂಡನೆಯ ಬ್ರೇಕರ್ ಬಿದ್ದಾಗ ಹೊರಕ್ಕೆ ಚಿಮ್ಮಿ, ಅದರ ಕುತ್ತಿಗೆಯ ಬಿಳಿ ಪಟ್ಟಿ ಕಾಣಿಸುತ್ತದೆ. ಒಮ್ಮೆ ಒತ್ತಿ ನೋಡೋಣ ಎಂಬ ಹಳೆಯ ರೂಢಿಯನ್ನು ಬಿಟ್ಟು, ಸುರಕ್ಷಿತ ಹಾರಾಟಕ್ಕೆ ಅನಿವಾರ್ಯವಲ್ಲದಿದ್ದರೆ ಆಕಾಶದಲ್ಲಿ ಅದನ್ನು ಮುಟ್ಟಬೇಡಿ ಎಂದು ಈಗ ಹೇಳಲಾಗುತ್ತದೆ. 2007ರ ಜುಲೈಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಸೆಸ್ನಾ 310 ವಿಮಾನವೊಂದರ ಹವಾಮಾನ ರಾಡಾರ್ ಆರಿ ಸುಟ್ಟ ವಾಸನೆ ಬಂದಾಗ, ಪೈಲಟ್ ಅದರ ಬ್ರೇಕರನ್ನು ಎಳೆದರು, ವಾಸನೆ ನಿಂತಿತು, ದೋಷವನ್ನು ಬರೆದೂ ಇಟ್ಟರು. ದುರಸ್ತಿಯಾಗದೆಯೇ ಮರುದಿನ ಬೇರೆಯವರು ಅದನ್ನು ಹಾರಿಸಿದರು. ಸ್ವಲ್ಪ ಹೊತ್ತಿನಲ್ಲೇ ಒಳಗೆ ಹೊಗೆ ತುಂಬಿ ವಿಮಾನ ಮನೆಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ ಇಬ್ಬರು, ಕೆಳಗಿದ್ದ ಮೂವರು ಸತ್ತರು. ಆ ಬ್ರೇಕರನ್ನು ಮತ್ತೆ ಒಳಕ್ಕೆ ಒತ್ತಿದ್ದೇ ಕೆಟ್ಟ ತಂತಿಗೆ ಮರಳಿ ಕರೆಂಟು ಕೊಟ್ಟಿರಬೇಕೆಂದು ತನಿಖೆ ತೀರ್ಮಾನಿಸಿತು.

ಮೊನ್ನೆ ಒಬ್ಬರು ಇದಿಷ್ಟನ್ನೂ ತಲೆಯಾಡಿಸುತ್ತ ಕೇಳಿಸಿಕೊಂಡು, 'ಅರ್ಥವಾಯಿತು ಸಾರ್, 32 ಬೇಡ, 25 ಹಾಕಲೇ?' ಎಂದರು. ನಿಮ್ಮ ತಂತಿಯ ದಪ್ಪ ಎಷ್ಟು ಸ್ಕ್ವೇರ್ ಎಂಎಂ ಎಂದು ಕೇಳಿದೆ. ಅದು ಗೋಡೆಯೊಳಗಿದೆ, ಹೇಗೆ ಗೊತ್ತಾಗುತ್ತದೆ ಎಂದರು.