ಮೀಟರ್ ಮಾತಾಡದಿದ್ದರೆ ಕೋಡ್ ಆಮೇಲೆ ನೋಡಿ

ಮಲ್ಪೆಯ ಐಸ್ ಪ್ಲಾಂಟಿರಲಿ, ಬೈಕಂಪಾಡಿಯ ಫ್ಯಾಕ್ಟರಿಯಿರಲಿ, ಪ್ಯಾನೆಲಿನ ಎನರ್ಜಿ ಮೀಟರಿಗೆ ಹೆಚ್ಚಾಗಿ ಆರ್‌ಎಸ್‌485 ಪೋರ್ಟ್ (ಎ, ಬಿ ಎಂಬ ಎರಡು ತಂತಿಯಲ್ಲಿ ಡೇಟಾ ಸಾಗಿಸುವ ಲೈನ್) ಇರುತ್ತದೆ, ಅದರಲ್ಲಿ ಆಡುವ ಭಾಷೆ ಮಾಡ್‌ಬಸ್ ಆರ್‌ಟಿಯು. ಅದಕ್ಕೆ ಇಎಸ್‌ಪಿ32 ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಜೋಡಿಸಿ, ಉತ್ತರ ಬಾರದೆ ಟೈಮ್‌ಔಟ್ ಬಂದರೆ ಹೆಚ್ಚಿನವರು ಮೊದಲು ಲೈಬ್ರರಿ ಬದಲಿಸುತ್ತಾರೆ. ಮೊದಲು ಬೇಕಾದ್ದು ಮಲ್ಟಿಮೀಟರ್.

ಪವರ್ ತೆಗೆದು ಎ–ಬಿ ನಡುವೆ ಓಮ್ ನೋಡಿ. ಲೈನಿನ ಎರಡೂ ತುದಿಯಲ್ಲಿ 120 ಓಮಿನ ಟರ್ಮಿನೇಶನ್ ರೆಸಿಸ್ಟರ್ ಇದ್ದರೆ ಸುಮಾರು 60 ತೋರಿಸಬೇಕು. 120 ಬಂದರೆ ಒಂದು ತುದಿ ಬಿಟ್ಟುಹೋಗಿದೆ, ಇಲ್ಲವೇ ತಂತಿ ತುಂಡಾಗಿದೆ. 40 ಬಂದರೆ ಲೈನನ್ನು ಇಎಸ್‌ಪಿ32ಕ್ಕೆ ಜೋಡಿಸುವ ಅಗ್ಗದ ಮಾಡ್ಯೂಲಿನ ಮೇಲೆ ಇನ್ನೊಂದು 120 ಕೂತಿದೆ, ಅದನ್ನು ಕೀಳಿ. ಪವರ್ ಕೊಟ್ಟ ಮೇಲೆ, ಲೈನ್ ಸುಮ್ಮನಿರುವಾಗ ಎ–ಬಿ ವೋಲ್ಟೇಜ್ 200 ಮಿಲಿವೋಲ್ಟ್ ದಾಟಬೇಕು. ಬಯಾಸಿಗೆ (ಸುಮ್ಮನಿರುವ ಲೈನನ್ನು ಒಂದು ನಿಶ್ಚಿತ ಮಟ್ಟದಲ್ಲಿ ಹಿಡಿದಿಡಲು) ಎಲ್ಲರೂ ಹಾಕುವ 560 ಓಮ್ 5 ವೋಲ್ಟಿನ ಲೆಕ್ಕ, 3.3 ವೋಲ್ಟಿನಲ್ಲಿ ಅದು 168 ಮಿಲಿವೋಲ್ಟ್ ಮಾತ್ರ ಕೊಡುತ್ತದೆ. 390 ಹಾಕಿ, 235 ಸಿಗುತ್ತದೆ.

ಎ, ಬಿ ಎಂಬ ಹೆಸರನ್ನು ನಂಬಬೇಡಿ, ಕೆಲವು ಕಂಪನಿಗಳು ತಿರುಗಾಮುರುಗಾ ಬರೆಯುತ್ತವೆ. ಅದಲುಬದಲು ಮಾಡಿ ನೋಡಿದರೆ ಏನೂ ಸುಡುವುದಿಲ್ಲ. ಸುಡುವುದು ಬೇರೆ ಕಡೆ: ಮಾಡ್ಯೂಲಿನ ಮೇಲಿನ ಮ್ಯಾಕ್ಸ್485 5 ವೋಲ್ಟಿನ ಚಿಪ್, ಅದರ ಔಟ್‌ಪುಟ್ಟನ್ನು ನೇರ ಇಎಸ್‌ಪಿ32ರ ಪಿನ್ನಿಗೆ ಕೊಡಬಾರದು. 3.3 ವೋಲ್ಟಿನ ಮ್ಯಾಕ್ಸ್3485 ತನ್ನಿ. ಮೂರನೇ ತಂತಿಯಾಗಿ ಗ್ರೌಂಡ್ ಎಳೆಯಿರಿ. ಪಕ್ಕದಲ್ಲಿ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಇದ್ದರೆ ಐಸೊಲೇಟೆಡ್ ಮಾಡ್ಯೂಲ್ (ಎರಡೂ ಬದಿಗೆ ನೇರ ವಿದ್ಯುತ್ ಸಂಪರ್ಕವಿಲ್ಲದ್ದು) ಬೇಕೇ ಬೇಕು, ಅಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಈಗ ಕೋಡ್. ಸ್ಲೇವ್ 1ಕ್ಕೆ, ಅಂದರೆ 1ನೇ ವಿಳಾಸದ ಮೀಟರಿಗೆ ಕಳಿಸುವ 01 03 00 00 00 02 ಸಿ4 0ಬಿ ಎಂಬ ಪ್ರಶ್ನೆ ನೋಡಿ. ಕೊನೆಯ ಎರಡು ಬೈಟ್ ತಪ್ಪು ಹಿಡಿಯುವ ಸಿಆರ್‌ಸಿ. ಕೊನೆಯ ಬೈಟ್ ಇನ್ನೂ ಹೊರಹೋಗದೆ ಶಿಫ್ಟ್ ರಿಜಿಸ್ಟರಿನಲ್ಲಿರುವಾಗಲೇ ಡಿಇ ಪಿನ್ (ಚಿಪ್ ಕಳಿಸುವಂತೆ ಮಾಡುವ ಪಿನ್) ಇಳಿಸಿದರೆ 0ಬಿ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಸಿಆರ್‌ಸಿ ತಪ್ಪಿದರೆ ಮೀಟರ್ ತಪ್ಪೆಂದು ಹೇಳುವುದೂ ಇಲ್ಲ, ಸುಮ್ಮನೆ ಕೂರುತ್ತದೆ. ತಡವಾಗಿ ಇಳಿಸಿದರೆ ಉತ್ತರದ ಮೊದಲ ಬೈಟ್ ಹೋಗುತ್ತದೆ. ಡಿಲೇ ಹಾಕಿ ಸರಿಮಾಡುವ ಚಟ ಬಿಡಿ. ಇಎಸ್‌ಪಿ32ರ ಯುಆರ್‌ಟಿಯಲ್ಲೇ (ಸೀರಿಯಲ್ ಪೋರ್ಟಿನಲ್ಲೇ) ಆರ್‌ಎಸ್‌485 ಹಾಫ್ ಡ್ಯೂಪ್ಲೆಕ್ಸ್ ಮೋಡ್ ಇದೆ, ಆರ್‌ಟಿಎಸ್ ಪಿನ್ನನ್ನು ಡಿಇಗೆ ಕೊಟ್ಟರೆ ಹಾರ್ಡ್‌ವೇರೇ ನೋಡಿಕೊಳ್ಳುತ್ತದೆ. ಪ್ಯಾರಿಟಿ (ಬೈಟಿನ ತಪ್ಪು ಹಿಡಿಯುವ ಬಿಟ್) 'ಈವನ್' ಎಂದಿದೆಯೋ 'ನನ್' (ಇಲ್ಲ) ಎಂದಿದೆಯೋ ಎಂಬುದನ್ನು ಮೀಟರಿನ ಮೆನುವಿನಲ್ಲೇ ಓದಿ.

ಉತ್ತರ ಬಂದೂ ಓದಿಕೆ 0.00 ಇದ್ದರೆ ಎರಡು ಅನುಮಾನ. ಒಂದು, ರಿಜಿಸ್ಟರ್ ವಿಳಾಸ: ಮ್ಯಾನುಯಲ್ಲಿನ 40001 ಎಂದರೆ ಕಳಿಸಬೇಕಾದ ವಿಳಾಸ 0. ಇನ್ನೊಂದು, ವರ್ಡ್ ಕ್ರಮ (16 ಬಿಟ್ಟಿನ ತುಂಡುಗಳ ಹಿಂದುಮುಂದು): 230 ವೋಲ್ಟ್ ಎಂದರೆ ಫ್ಲೋಟಿನಲ್ಲಿ (ದಶಮಾಂಶ ಸಂಖ್ಯೆಯ 32 ಬಿಟ್ ರೂಪದಲ್ಲಿ) 4366 0000. ಅದೇ 0000 4366 ಎಂದು ಓದಿದರೆ ಸೊನ್ನೆಯೇ ಕಾಣುತ್ತದೆ.

ನಮ್ಮ ಕರಾವಳಿಗೆ ಒಂದು ಮಾತು ಹೆಚ್ಚು. ಉಪ್ಪುಗಾಳಿಗೆ ಬರಿ ತಾಮ್ರ ಒಂದೇ ಮಳೆಗಾಲದಲ್ಲಿ ಹಸಿರಾಗಬಹುದು. ತವರ ಲೇಪದ ಎಳೆಯ ಶೀಲ್ಡೆಡ್ ಕೇಬಲ್ ತಂದು ಎಳೆಯ ತುದಿಗೆ ಫೆರುಲ್ (ಲೋಹದ ಕೊಳವೆ) ಒತ್ತಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಸಿಡಿಲಿಗೆ ಎಸ್‌ಎಂ712 ಟಿವಿಎಸ್ (ವೋಲ್ಟೇಜ್ ಏರಿದರೆ ತಡೆಯುವ ಡಯೋಡ್) ಇರಲಿ, ನೇರ ಬಡಿದರೆ ಅದೂ ಉಳಿಯುವುದಿಲ್ಲ. ಕೇಬಲ್ ಒಳಬರುವ ಬಾಕ್ಸಿನ ಗ್ಲ್ಯಾಂಡ್ ಕೆಳಮುಖವಾಗಿಯೇ ಕೂರಿಸಿ, ಮೇಲಿಂದ ತಂದರೆ ಮಳೆನೀರು ಕೇಬಲ್ ಹಿಡಿದುಕೊಂಡೇ ಒಳಗಿಳಿಯುತ್ತದೆ.