ಹತ್ತು ಮಾವಿನಹಣ್ಣಿನ ಲೆಕ್ಕ

ಇವತ್ತು ಬೆಳಗ್ಗೆ ಧಾರವಾಡದ ಮಾರ್ಕೆಟ್‌ನಲ್ಲಿ ಆಪೂಸು ಕೊಳ್ಳುವಾಗ ಅಣ್ಣನ ಮಗ ರೇಟು ಕೇಳಲೇ ಇಲ್ಲ. "ಅಜ್ಜಾ, ಹಣ್ಣಾಗ್ಯಾವೋ, ಇನ್ನೂ ಕಾಯಿ ಅದಾವೋ?" ಅಂದ.

ನನಗೆ ತಟ್ಟನೆ ಸ್ವಾಮಿ ನೆನಪಾದ. ಅಪ್ಪ ಹತ್ತು ಮಾವಿನಹಣ್ಣಿನ ಲೆಕ್ಕ ಕೊಟ್ಟರೆ, ಹಣ್ಣು ಮಾಗಿದೆಯೋ ಇಲ್ಲವೋ ಅಂತ ಯೋಚಿಸುತ್ತಾ ಕೂರುವ ಹುಡುಗ. ಆರ್. ಕೆ. ನಾರಾಯಣ್ ಅವನನ್ನು ಬರೆದದ್ದು 1935ರಲ್ಲಿ, ಇಂಗ್ಲಿಷಿನಲ್ಲಿ. ಐವತ್ತು ವರ್ಷ ಆದಮೇಲೆ ಶಂಕರ್ ನಾಗ್ ಅವನನ್ನು ಆಗುಂಬೆಗೆ ಕರೆತಂದು ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಮಾಡಿದರು. ಮಾಸ್ಟರ್ ಮಂಜುನಾಥ್ ಸ್ವಾಮಿ, ಧಾರವಾಡದಲ್ಲೇ ಓದಿದ ನಮ್ಮ ಗಿರೀಶ ಕಾರ್ನಾಡರು ಅಪ್ಪ. ಮಾತು ಹಿಂದಿಯಲ್ಲಿದ್ದರೂ ಅದು ನಮ್ಮ ಪಕ್ಕದ ಓಣಿಯ ಮನೆ ಅಂತಲೇ ಅನ್ನಿಸುತ್ತಿತ್ತು, ಅಲ್ವಾ?

ಆಮೇಲೆ ಅದೇ ಸ್ವಾಮಿಯ ಕಥೆ ಸಿನಿಮಾ ಕೂಡ ಆಯಿತು. ಆದರೆ ನನಗೆ ಸೀರಿಯಲ್ಲೇ ಜಾಸ್ತಿ ಇಷ್ಟ. ಸಿನಿಮಾ ಒಂದೇ ಸಲ ಕೂತು ನೋಡಿ ಎದ್ದುಬರುವಂಥದ್ದು, ಸೀರಿಯಲ್‌ನಲ್ಲಿ ಹಾಗಲ್ಲ, ಮುಂದಿನ ಕಂತು ಬರುವ ತನಕ ಹುಡುಗ ನಮ್ಮ ಜೊತೆಗೇ ಇರುತ್ತಿದ್ದ, ಊಟಕ್ಕೆ ಕೂತಾಗಲೂ, ಶಾಲೆಗೆ ಹೋಗುವಾಗಲೂ. ಆ ಕಾಯುವಿಕೆಯಲ್ಲೇ ಅವನು ನಮ್ಮ ಗೆಳೆಯನಾದದ್ದು. ಕಥೆಯನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ಒಯ್ಯುವವರು ಈ ಪುರುಸೊತ್ತನ್ನು ಬಿಟ್ಟುಬಿಡಬಾರದು.

ರಾತ್ರಿ ಊಟ ಆದಮೇಲೆ ಹುಡುಗನಿಗೆ ಮೊದಲ ಕಂತು ಹಾಕಿಕೊಟ್ಟೆ. ಹಣ್ಣು ಚೀಪುತ್ತಾ ಸುಮ್ನೆ ನೋಡುತ್ತಾ ಕೂತಿದ್ದಾನೆ, ರಸ ಮೊಣಕೈ ತನಕ ಇಳಿದಿದೆ.